ಒಂದು ಹೆಂಚಿನ ಊರು ಹುಡುಕಿಕೊಂಡು ಮಂಗಳೂರಿಗೆ

ಹೊರಡುವ ಮುಂಚೆ

ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಹೆಂಚಿದೆ. ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದೇವೆ. ಮಲ್ಲೇಶ್ವರದಲ್ಲಿದ್ದ ತನ್ನ ತಾತನ ಮನೆ ಕೆಡವಿದಾಗ ಅಮ್ಮ ತಂದುಕೊಂಡದ್ದು ಅದೊಂದನ್ನೇ. ತೇಗದ ಬಾಗಿಲನ್ನು ಯಾರೋ ಕೊಂಡುಹೋದರು, ಕಲ್ಲು ಕಂಬ ಇನ್ಯಾರದೋ ಪಾಲಾಯಿತು. ಅಮ್ಮ ಮಣ್ಣಿನ ರಾಶಿಯಿಂದ ಒಂದು ಇಡೀ ಹೆಂಚು ಆರಿಸಿ, ಸೆರಗಿನಲ್ಲಿ ಒರೆಸಿ, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಬಂದಳು.

ಕಳೆದ ನವೆಂಬರ್‌ನಲ್ಲಿ ಕುಂಡ ಬದಲಾಯಿಸುವಾಗ ನನ್ನ ಮಗಳು ಆ ಹೆಂಚನ್ನು ತಿರುಗಿಸಿ ನೋಡಿದಳು. ನಾಲ್ಕನೇ ಕ್ಲಾಸು, ಕಂಡದ್ದನ್ನೆಲ್ಲ ಓದುವ ವಯಸ್ಸು. ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳು ಮಂಗಳೂರಿನಲ್ಲಿ ನಡೆಸುತ್ತಿದ್ದ ಹೆಂಚಿನ ಕಾರ್ಖಾನೆಯ ಹೆಸರು. ಪಾಚಿ ಹಿಡಿದು ಅರ್ಧ ಮುಚ್ಚಿಹೋಗಿತ್ತು. ಹಳೇ ಟೂತ್ ಬ್ರಶ್ ತಂದು ತಿಕ್ಕಿದಳು. ಆಮೇಲೆ ಡ್ರಾಯಿಂಗ್ ಹಾಳೆ ಹಾಸಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದಳು. ಒಂದೊಂದೇ ಅಕ್ಷರ ಹಾಳೆ ಮೇಲೆ ಬೆಳ್ಳಗೆ ಎದ್ದುಬಂತು.

"ಅಜ್ಜಿ, ಈ ಹೆಂಚಿನ ಊರಿಗೆ ಹೋಗೋಣ್ವಾ?"

ಅಮ್ಮ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಎದ್ದು ಹೋಗಿ ಕಪಾಟಿನಿಂದ ಕಿಟೆಲ್ ನಿಘಂಟು ತಂದು ಹೆಂಚಿನ ಪಕ್ಕ ಇಟ್ಟಳು. "ಇದೂ ಅದೇ ಊರಿನದು ಪುಟ್ಟಿ. ಅದೇ ಜನ ಮಾಡಿದ್ದು" ಅಂದಳು. ನಿಜ. 1894ರಲ್ಲಿ ಆ ನಿಘಂಟು ಮೊದಲು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಮುಂದೆ ಎಷ್ಟು ಸಲ ಓಡಾಡಿದ್ದೇವೋ. ಹೆಂಚಿಗೂ ನಿಘಂಟಿಗೂ ಇರುವ ಈ ನಂಟು ನನಗೆ ಹೊಳೆದಿರಲೇ ಇಲ್ಲ.

ಹಾಗೆ ಶುರುವಾಯಿತು ನಮ್ಮ ಪ್ಲಾನು. ಇದ್ದದ್ದು ಮೂರೇ ದಿನ. ಗುರುವಾರ, ಶುಕ್ರವಾರ ರಜೆ, ಜೊತೆಗೆ ಶನಿವಾರ.

ಯಾವ ತಿಂಗಳು ಅನ್ನುವುದು ಮೊದಲ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಅದೇ ಹೊತ್ತಿಗೆ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ, ರೈಲು ಎರಡೂ ನಿಲ್ಲುವುದುಂಟು. ಮಾರ್ಚ್ ಆದಮೇಲೆ ಸೆಖೆ ತಡೆಯಲಾಗದು. ಎಪ್ಪತ್ತು ದಾಟಿದ ಅಮ್ಮನ ಜೊತೆ ಹೋಗುವವರಿಗೆ ಡಿಸೆಂಬರ್, ಜನವರಿಯೇ ಸರಿ. ಸಂಕ್ರಾಂತಿ ಕಳೆದ ವಾರ ಅಂತ ತೀರ್ಮಾನಿಸಿದೆವು.

ಎರಡನೆಯದು ರೈಲು. ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಮುಂಚೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಬದಲಾಯಿತು. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಹಗಲು ರೈಲನ್ನೇ ಹಿಡಿಯಬೇಕು ಅಂತ ನಾನು ಹಟ ಹಿಡಿದೆ. ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಿಗ್ಗೆ ಇಳಿದರೆ ಒಂದು ದಿನ ಉಳಿಯುತ್ತದೆ, ಸರಿ. ಆದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವುದರಲ್ಲಿ ಅರ್ಧ ಸೊಗಸು ಇರುವುದೇ ಸಕಲೇಶಪುರದಿಂದ ಕೆಳಗೆ. ಅದನ್ನು ಕಣ್ಣು ಮುಚ್ಚಿ ದಾಟುವುದು ನನಗೆ ಬೇಡವಾಗಿತ್ತು.

ಮೂರನೆಯದು ಮೀನು. ಅಮ್ಮ ಶನಿವಾರ ಮೀನು ಮುಟ್ಟಲ್ಲ. ಹಾಗಾಗಿ ಮೀನೂಟ ಶುಕ್ರವಾರ ಮಧ್ಯಾಹ್ನವೇ ಆಗಬೇಕು. ಉಳಿದದ್ದೆಲ್ಲ ಅದರ ಸುತ್ತ ಹೊಂದಿಸಿಕೊಂಡೆವು.

ಪಕ್ಕದ ಮನೆ ಆಂಟಿ ಕೇಳಿದರು, "ಅಲ್ಲಿವರೆಗೂ ಹೋಗಿ ಧರ್ಮಸ್ಥಳ, ಉಡುಪಿ ನೋಡದೇ ಬರ್ತೀರಾ?" ಹೌದು, ನೋಡದೇ ಬರುತ್ತೇವೆ ಅಂದೆ. ಉಡುಪಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಬೇಕು, ಧರ್ಮಸ್ಥಳಕ್ಕೆ ಅದಕ್ಕೂ ಜಾಸ್ತಿ. ಮೂರು ದಿನದಲ್ಲಿ ನಾಲ್ಕು ಊರು ಸುತ್ತಿದರೆ ನೆನಪಿರುವುದು ಬರೀ ಕಾರಿನ ಸೀಟು. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ಮಧ್ಯಾಹ್ನ ಊಟ ಮತ್ತು ನಿದ್ದೆ. ಇಷ್ಟೇ ನಮ್ಮ ಪ್ಲಾನು. ಮಗಳಿಗೆ ಸಮುದ್ರ, ನನಗೆ ಸೇಂಟ್ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳು, ಅಮ್ಮನಿಗೆ ಹೆಂಚಿನ ಜಾಗ.

ಗುರುವಾರ

ಏಳು ಗಂಟೆ ಹೊತ್ತಿಗೆ ಯಶವಂತಪುರ ಬಿಟ್ಟೆವು. ಡಬ್ಬಿಯಲ್ಲಿ ಚಪಾತಿ, ಟೊಮ್ಯಾಟೊ ಗೊಜ್ಜು, ಅಮ್ಮನ ಮೊಸರನ್ನ. ಈ ರೈಲು ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುತ್ತದೆ. 2017ರಲ್ಲಿ ತೆರೆದ ಮಾರ್ಗ ಇದು. ಅದಕ್ಕೂ ಮುಂಚೆ ಮೈಸೂರಿನ ಮೇಲೋ ಅರಸೀಕೆರೆ ಮೇಲೋ ಬಳಸಿಕೊಂಡು ಹೋಗಬೇಕಿತ್ತು.

ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರ ಜುಲೈನಲ್ಲಿ ಈ ದಾರಿಗೆ ಬಂತು. ಕುರ್ಚಿ ತಿರುಗುತ್ತದೆ, ಮೇಲೆ ಆಕಾಶ ಕಾಣುತ್ತದೆ. ಅಮ್ಮ ಬೇಡ ಅಂದಳು. "ಕಿಟಕಿ ತೆಗೆಯೋಕೆ ಬರಬೇಕು. ಗಾಳಿ ಇಲ್ಲದೇ ಕಾಡು ಏನು ನೋಡೋದು?" ನಾವು ಸಾಮಾನ್ಯ ಸೀಟಿನ ಬೋಗಿಯಲ್ಲೇ ಕೂತೆವು. ಈಗಲೂ ನನಗೆ ಅದೇ ಸರಿಯಾದ ಆಯ್ಕೆ ಅನ್ನಿಸುತ್ತದೆ.

ಸಕಲೇಶಪುರದಲ್ಲಿ ರೈಲು ಹೆಚ್ಚು ಹೊತ್ತು ನಿಂತಿತು. ಇಲ್ಲಿ ಬ್ರೇಕು ಪರೀಕ್ಷೆ ಮಾಡದೇ ಮುಂದೆ ಬಿಡುವುದಿಲ್ಲ. ಇಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ ಇಳಿಯುವಷ್ಟು ಇಳಿಜಾರು. ರೈಲಿಗೆ ಅದು ತುಂಬಾ ಕಡಿದು. ಹಾಗಾಗಿ ಆಮೆಯ ಹಾಗೆ ಇಳಿಯುತ್ತದೆ.

ದೋಣಿಗಾಲ್ ದಾಟುತ್ತಿದ್ದಂತೆ ಸುರಂಗ ಶುರು. ಮಗಳು ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಾ ಎಣಿಸತೊಡಗಿದಳು. ಕತ್ತಲಾದಾಗ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗು ಹಾಕುವುದು, ಬೆಳಕು ಬಂದ ಕೂಡಲೇ ಎಲ್ಲರೂ ಸುಮ್ಮನಾಗುವುದು. ಯಾಕೆಂದರೆ ಎದುರಿಗೆ ಕಣಿವೆ. ಒಂದು ಬದಿ ಬಂಡೆ, ಅದರ ಮೇಲಿಂದ ಸಣ್ಣಗೆ ನೀರು. ಇನ್ನೊಂದು ಬದಿ ಕಣ್ಣಿಗೆ ಕಾಣುವಷ್ಟೂ ಹಸಿರು. ಸುರಂಗದ ಒಳಗೆ ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ. ಹೊರಗೆ ಬಂದರೆ ಕಾದ ಬ್ರೇಕಿನ ಕಬ್ಬಿಣದ ವಾಸನೆ. ಕಿಟಕಿ ತೆಗೆದು ಕೂತವರಿಗೆ ಮಾತ್ರ ಸಿಗುವ ವಾಸನೆ ಅದು.

ಯಡಕುಮೇರಿ ಹತ್ತಿರ ಅಮ್ಮ ಹೇಳಿದಳು, "1984ರಲ್ಲಿ ಬಂದಿದ್ದೆ ಕಣೆ. ಆಗ ಸಣ್ಣ ಗೇಜಿನ ರೈಲು. ಆಷಾಢ. ಕಿಟಕಿ ಹಾಕಿಕೊಂಡು ಬರೀ ಮಳೆ ಕೇಳಿಸಿಕೊಂಡೆ. ಏನೂ ಕಾಣಲಿಲ್ಲ." ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ಮುಗಿದದ್ದು 1979ರಲ್ಲಿ. ಆಮೇಲೆ ಬ್ರಾಡ್ ಗೇಜ್ ಕೆಲಸಕ್ಕೆ ಅಂತ ವರ್ಷಗಟ್ಟಲೆ ನಿಂತುಹೋಗಿ, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ನಲವತ್ತು ವರ್ಷ ಕಳೆದು ಅಮ್ಮ ಅದೇ ಘಾಟಿಯನ್ನು ಬಿಸಿಲಿನಲ್ಲಿ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹೆಂಚು ಬೆಂಗಳೂರಿಗೆ ಬಂದಾಗ ಇಲ್ಲಿ ರೈಲೇ ಇರಲಿಲ್ಲ. ಒಂದೂ ಒಡೆಯದ ಹಾಗೆ ಅಷ್ಟು ದೂರ ಹೇಗೆ ತಂದರೋ" ಅಂದಳು.

ಮಗಳ ಲೆಕ್ಕ 51ಕ್ಕೆ ನಿಂತಿತು. ನಡುವೆ ಎಲ್ಲೋ ಕೆಲವು ತಪ್ಪಿದ್ದವು. ಸುಬ್ರಹ್ಮಣ್ಯ ರೋಡಿನಲ್ಲಿ ಸ್ವೆಟರ್ ಬಿಚ್ಚಿದೆವು. ಗಾಳಿಯೇ ಬೇರೆ ಆಗಿತ್ತು. ಅಡಿಕೆ ತೋಟ, ಕೆಂಪು ಮಣ್ಣು, ಹೆಂಚಿನ ಮಾಡು. ಅಮ್ಮ ಒಂದೊಂದು ಮಾಡನ್ನೂ ತೋರಿಸುತ್ತಾ ಬಂದಳು.

ಈ ರೈಲು ನಿಲ್ಲುವುದು ಮಂಗಳೂರು ಜಂಕ್ಷನ್ನಿನಲ್ಲಿ. ಅದು ಪಡೀಲಿನ ಕಡೆ, ಊರಿನ ನಡುವೆ ಅಲ್ಲ. ಊರೊಳಗೆ ಇರುವುದು ಮಂಗಳೂರು ಸೆಂಟ್ರಲ್. ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ಅದರಲ್ಲೂ ವಾಪಸ್ ಟಿಕೆಟ್ ಮಾಡುವಾಗ. ನಾವು ಹಂಪನಕಟ್ಟೆಯಲ್ಲಿ ರೂಮು ಮಾಡಿದ್ದೆವು. ಸೆಂಟ್ರಲ್ಲಿಗೆ ನಡೆದೇ ಹೋಗಬಹುದು, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣವೂ ಹತ್ತಿರ. ಆಟೋದವರು ಕೇಳದೇ ಮೀಟರ್ ಹಾಕಿದರು. ಮಗಳು ನನ್ನ ಮುಖ ನೋಡಿದಳು.

ರೂಮಿನದೊಂದು ತೊಂದರೆ ಆಯಿತು. ಫೋನಿನಲ್ಲಿ ಲಿಫ್ಟ್ ಇದೆ ಅಂದಿದ್ದರು. ಇತ್ತು, ಕೆಟ್ಟು ನಿಂತಿತ್ತು. ರೂಮು ಮೂರನೇ ಮಹಡಿ. ಮಂಡಿ ನೋವಿರುವ ಅಮ್ಮ ಪ್ರತಿ ಮೆಟ್ಟಿಲಿಗೂ ನಿಂತು ಹತ್ತಿದಳು. ನನಗೆ ನಿಜಕ್ಕೂ ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಸಂಕಟ ಆಯಿತು. ಗಲಾಟೆ ಮಾಡಿದ ಮೇಲೆ ಮರುದಿನ ಮೊದಲ ಮಹಡಿಗೆ ಬದಲಾಯಿಸಿ ಕೊಟ್ಟರು. ವಯಸ್ಸಾದವರ ಜೊತೆ ಹೋಗುವವರು "ಲಿಫ್ಟ್ ಇದೆಯಾ" ಅಂತ ಕೇಳಿದರೆ ಸಾಲದು. "ಇವತ್ತು ಓಡ್ತಿದೆಯಾ" ಅಂತ ಹೊರಡುವ ದಿನ ಕೇಳಿ.

ಶುಕ್ರವಾರ

ಬೆಳಿಗ್ಗೆ ತಿಂಡಿಗೆ ಬನ್ಸ್. ಕಳಿತ ಬಾಳೆಹಣ್ಣು, ಮೈದಾ, ಮೊಸರು ಕಲಸಿ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಕರಿದದ್ದು. ಬೆಂಗಳೂರಿನಲ್ಲೂ ಸಿಗುತ್ತದೆ. ಆದರೆ ಇಲ್ಲಿ ಮುರಿದಾಗ ಒಳಗಿಂದ ಬರುವ ಹಬೆಯಲ್ಲಿ ಬಾಳೆಹಣ್ಣಿನ ಪರಿಮಳ ಇರುತ್ತದೆ. ಪಕ್ಕದ ಟೇಬಲ್ಲಿನವರನ್ನು ಸಪ್ಲೈಯರ್ "ಎಂಚ ಉಲ್ಲರ್?" ಅಂತ ವಿಚಾರಿಸಿದರು. ತುಳುವಿನಲ್ಲಿ ಹೇಗಿದ್ದೀರಿ ಅಂತ ಅರ್ಥ. ಮಗಳು ಅದನ್ನು ಕಲಿತು ಎರಡೂ ದಿನ ಎಲ್ಲರಿಗೂ ಹೇಳಿದಳು, ಎಲ್ಲರೂ ಉತ್ತರ ಕೊಟ್ಟರು. ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ ಅಂತ ಹೆಸರು. ಇಷ್ಟು ಹೆಸರಿರುವ ಊರಿನಲ್ಲಿ ಮೂರು ದಿನಕ್ಕೆ ಒಂದು ಮಾತಾದರೂ ಕಲಿಯಬೇಕು, ಅಲ್ವಾ?

ಚಾಪೆಲ್ ಇರುವುದು ಬಾವುಟಗುಡ್ಡೆಯ ಮೇಲೆ, 1880ರಲ್ಲಿ ಶುರುವಾದ ಕಾಲೇಜಿನ ಅಂಗಳದಲ್ಲಿ. ಹೊರಗಿಂದ ನೋಡಿದರೆ ಒಳಗೆ ಇಷ್ಟಿದೆ ಅಂತ ಗೊತ್ತಾಗುವುದಿಲ್ಲ. ಬಾಗಿಲು ದಾಟಿದ ಕೂಡಲೇ ತಲೆ ತಾನಾಗಿ ಮೇಲೆ ಹೋಗುತ್ತದೆ. ಗೋಡೆ, ಕಮಾನು, ಸೂರು, ಎಲ್ಲೂ ಖಾಲಿ ಜಾಗ ಇಲ್ಲ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಅನ್ನುವ, ಜೆಸ್ವಿಟ್ ಸಂಘದ ಕ್ರೈಸ್ತ ಸನ್ಯಾಸಿ 1900ರ ಆಸುಪಾಸಿನಲ್ಲಿ ಬರೆದದ್ದು. ಸೂರಿನ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದವು. ಗೋಡೆಯವು ಫ್ರೆಸ್ಕೊ. ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ತಿದ್ದುವುದು ಕಷ್ಟ. ಒಂದು ದಿನಕ್ಕೆ ಎಷ್ಟು ಆಗುತ್ತದೋ ಅಷ್ಟೇ ಗಾರೆ ಮೆತ್ತಿಕೊಂಡು, ಅಷ್ಟನ್ನೇ ಮುಗಿಸಬೇಕು.

ನಾನು ಒಂದು ಕಂಬದ ಪಕ್ಕ ತುಂಬ ಹೊತ್ತು ನಿಂತೆ. ಕಲ್ಲಿನಲ್ಲಿ ಕೆತ್ತಿದ ಹಾಗೆ ಉಬ್ಬಿ ನಿಂತ ಹೂಬಳ್ಳಿ. ಬದಿಯಿಂದ ನೋಡಿದರೆ ಗೋಡೆ ಚಪ್ಪಟೆ. ನೆರಳನ್ನೂ ಬಣ್ಣದಲ್ಲೇ ಬರೆದಿದ್ದಾರೆ. ಮಗಳು ಎಡಕ್ಕೆ ಬಲಕ್ಕೆ ಓಡಾಡಿ ಪರೀಕ್ಷೆ ಮಾಡಿದಳು. ಅಮ್ಮ ಬೆಂಚಿನ ಮೇಲೆ ಕೂತು ಸೂರು ನೋಡುತ್ತಿದ್ದಳು. "ಇಷ್ಟೆಲ್ಲ ಬರೆಯೋವಾಗ ಅವರ ಕತ್ತು ಎಷ್ಟು ನೋವಾಗಿರಬೇಕು" ಅಂದಳು. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅಲ್ಲಿ ಒಂದೂವರೆ ಗಂಟೆ ಕಳೆದೆವು. ಹತ್ತು ನಿಮಿಷದಲ್ಲಿ ನೋಡಿ ಹೋದ ಗುಂಪುಗಳೂ ಇದ್ದವು. ಅವರ ಬಸ್ಸು ಕಾಯುತ್ತಿತ್ತು.

ಮಧ್ಯಾಹ್ನದ ಮೀನೂಟಕ್ಕೆ ಹನ್ನೆರಡೂವರೆಗೇ ಹೋಗಿ ಕೂತೆವು. ತಡವಾದರೆ ಒಳ್ಳೆ ಮೀನು ಮುಗಿದಿರುತ್ತದೆ ಅಂತ ಆಟೋದವರು ಹೇಳಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ. ಪುಳಿಮುಂಚಿ ಅಂದರೆ ಹುಳಿ ಮೆಣಸು, ಹೆಸರಲ್ಲೇ ಎಲ್ಲ ಇದೆ. ತೆಂಗಿನಕಾಯಿ ಇಲ್ಲ, ಬ್ಯಾಡಗಿ ಮೆಣಸಿನ ದಟ್ಟ ಕೆಂಪು, ಹುಣಸೆಯ ಹುಳಿ. ದಪ್ಪ ಅಕ್ಕಿಯ ಅನ್ನಕ್ಕೆ ಕಲಸಿದರೆ ಬೇರೇನೂ ಬೇಡ. ಬೆಂಗಳೂರಿನಲ್ಲಿ ಐಸಿನಲ್ಲಿ ಬಂದ ಬಂಗುಡೆ ತಿಂದು ಅಭ್ಯಾಸವಾದ ಬಾಯಿಗೆ ಇದು ಬೇರೆಯೇ ಮೀನು. ಅಮ್ಮ ಕಾಣೆಯ ನಡು ಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ ಮಗಳ ತಟ್ಟೆಗೆ ಹಾಕಿದಳು.

ಆಮೇಲೆ ರೂಮಿಗೆ ಹೋಗಿ ಮಲಗಿದೆವು. ಇದನ್ನು ದಯವಿಟ್ಟು ಬಿಡಬೇಡಿ. ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ, ಬಟ್ಟೆ ಮೈಗೆ ಅಂಟುತ್ತದೆ. ಆ ಮೂರು ಗಂಟೆ ಸುತ್ತಿದರೆ ಸಂಜೆಯ ಸಮುದ್ರ ಕೈ ತಪ್ಪುತ್ತದೆ.

ನಾಲ್ಕಕ್ಕೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಕಟ್ಟೆ. ಶತ್ರುಗಳ ಹಡಗು ಗುರುಪುರ ಹೊಳೆಗೆ ನುಗ್ಗದಿರಲಿ ಅಂತ ಗೋಡೆಯಲ್ಲಿ ಫಿರಂಗಿ ಕಂಡಿ ಬಿಟ್ಟಿದ್ದಾರೆ. ಅದರ ಕೆಳಗೇ ದೋಣಿ ಕಟ್ಟೆ. ಹೊಳೆ ದಾಟಿದರೆ ತಣ್ಣೀರುಬಾವಿ. ಹೊಳೆಗೂ ಸಮುದ್ರಕ್ಕೂ ನಡುವೆ ಒಂದು ಪಟ್ಟಿಯ ಹಾಗೆ ಇರುವ ನೆಲ ಅದು. ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರಿನ ಮೇಲೆ ಸುತ್ತಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಹತ್ತುವ ಮುಂಚೆ ಕೊನೆ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ.

ಗಾಳಿಮರಗಳ ನಡುವೆ ನಡೆಯುವಾಗ ಸಮುದ್ರ ಕಾಣಲಿಲ್ಲ, ಕೇಳಿಸಿತು. ಮಗಳು ನಿಂತಳು. "ಅದೇನಾ?" ಅಂತ ಮೆಲ್ಲಗೆ ಕೇಳಿದಳು. ಆಮೇಲೆ ಚಪ್ಪಲಿ ಬಿಟ್ಟು ಓಡಿದಳು. ಮೀನಿಗೆ ಗಾಳ ಹಾಕುತ್ತಿದ್ದ ಅಜ್ಜನೊಬ್ಬರು ನನ್ನನ್ನು ಕರೆದು ಹೇಳಿದರು, "ಮಗುವಿಗೆ ಹೇಳಿ ಮಾರಾಯ್ರೆ, ಅಲೆಗೆ ಬೆನ್ನು ಹಾಕಿ ನಿಲ್ಲುದು ಬೇಡ." ಆ ಒಂದು ಮಾತಿಗೆ ನಾನು ಅವರಿಗೆ ಯಾವತ್ತೂ ಕೃತಜ್ಞಳು. ಸಮುದ್ರದ ಜೊತೆ ಬೆಳೆಯದ ನಮಗೆ ಅದು ಗೊತ್ತಿರುವುದಿಲ್ಲ.

ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು ನೊರೆಯಲ್ಲಿ ನಿಂತಳು. ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳು ಜಾರುತ್ತದಲ್ಲ, ಆಗೆಲ್ಲ ನನ್ನ ಕೈ ಬಿಗಿಯಾಗಿ ಹಿಡಿದಳು. ಸೂರ್ಯ ಮುಳುಗುವವರೆಗೂ ಅಲ್ಲೇ ಇದ್ದೆವು.

ಶನಿವಾರ

ಬೆಳಿಗ್ಗೆ ಬೇಗ ಕದ್ರಿ ಮಂಜುನಾಥ. ಶನಿವಾರ ಅಂತ ಜನ ಇದ್ದರು. ಅಮ್ಮ ಪೂಜೆ ಮುಗಿಸಿ ಲೋಕೇಶ್ವರನ ಕಂಚಿನ ಮೂರ್ತಿ ಮುಂದೆ ನಿಂತಳು. ಮೂರು ಮುಖ, ಆರು ಕೈ. ಪೀಠದ ಶಾಸನ 968ನೇ ಇಸವಿಯದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಸಾವಿರ ವರ್ಷ ದಾಟಿದ ಕಂಚು ಇಷ್ಟು ನಯವಾಗಿ ಉಳಿದಿರುವುದು ನೋಡಿ ಅಮ್ಮ ಕೈ ಮುಗಿದದ್ದು ಯಾರಿಗೆ, ದೇವರಿಗೋ ಮಾಡಿದವನಿಗೋ ಅಂತ ನಾನು ಕೇಳಲಿಲ್ಲ.

ದೇವಸ್ಥಾನದ ಹೊರಗೆ ಸಿಕ್ಕ ಆಟೋದವರಿಗೆ ಅರವತ್ತರ ಮೇಲಿರಬಹುದು. ಬಲ್ಮಠದ ಮೇಲೆ ಹೋಗಿ ಜೆಪ್ಪುವಿಗೆ ಬಿಡಿ ಅಂದೆ. "ಜೆಪ್ಪುವಿನಲ್ಲಿ ಎಲ್ಲಿಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ಬ್ಯಾಗಿನಿಂದ ಪೆನ್ಸಿಲ್ ಉಜ್ಜಿದ ಹಾಳೆ ತೆಗೆದು ಮುಂದೆ ಚಾಚಿದಳು.

ಅವರು ಆಟೋ ಬದಿಗೆ ನಿಲ್ಲಿಸಿದರು. ಹಾಳೆ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಇದು ಎಲ್ಲಿ ಸಿಕ್ಕಿದ್ದು ನಿಮಗೆ?"

ಅಮ್ಮ ತಾತನ ಮನೆಯ ಕತೆ ಹೇಳಿದಳು. ಅವರು ಕೇಳಿ ಮುಗಿಸಿ, "ನಮ್ಮಮ್ಮ ಹೆಂಚಿನ ಕಾರ್ಖಾನೆಯಲ್ಲೇ ಕೆಲಸ ಮಾಡ್ತಾ ಇದ್ದದ್ದು" ಅಂದರು. "ಹಸಿ ಹೆಂಚಿನ ಅಂಚು ಕೆತ್ತುದು, ಆಮೇಲೆ ಒಣಗಲಿಕ್ಕೆ ಇಡುದು. ಬಿಸಿಲಿಗೆ ಇಟ್ರೆ ಸೊಟ್ಟ ಆಗ್ತದೆ ನೋಡಿ. ನೆರಳಲ್ಲೇ ಒಣಗ್ಬೇಕು. ಸಂಜೆ ಮನೆಗೆ ಬರುವಾಗ ಕೈಯೆಲ್ಲ ಮಣ್ಣಿನ ಬಣ್ಣ."

ಅವರೇ ನಮ್ಮನ್ನು ಮಾರ್ಗನ್ಸ್ ಗೇಟ್ ದಾಟಿಸಿ ನೇತ್ರಾವತಿಯ ದಡಕ್ಕೆ ಕರೆದುಕೊಂಡು ಹೋದರು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮೊದಲ ಕಾರ್ಖಾನೆ ಹಾಕಿದ್ದು ಇದೇ ಜೆಪ್ಪುವಿನಲ್ಲಿ. ಕಾರಣ ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಹೊಳೆ ಬದಿಯ ಜೇಡಿಮಣ್ಣು, ಅದನ್ನೂ ಸೌದೆಯನ್ನೂ ತರಲಿಕ್ಕೆ ದೋಣಿ ದಾರಿ, ಸುಟ್ಟ ಹೆಂಚು ಕಳಿಸಲಿಕ್ಕೆ ಸ್ವಲ್ಪ ದೂರದಲ್ಲೇ ಬಂದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹೆಂಚು ಇಲ್ಲಿಂದ ಕಡಲಾಚೆಗೂ ಹೋಯಿತು. ಈಗ ಕಾಂಕ್ರೀಟ್ ತಾರಸಿ ಬಂದು ಹೆಚ್ಚಿನ ಕಾರ್ಖಾನೆಗಳು ಮುಚ್ಚಿವೆ. ನಾವು ನೋಡಿದ್ದು ನೀರು, ದೂರದಲ್ಲಿ ರೈಲು ಸೇತುವೆ, ದಡದ ಕಪ್ಪು ಮಣ್ಣು. ಅಮ್ಮ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದಳು. ಜಿಗುಟಾಗಿತ್ತು.

"ಹಂಗಾದ್ರೆ ನಮ್ಮ ಹೆಂಚು 1865ರದ್ದಾ?" ಮಗಳು ಕೇಳಿದಳು.

"ಇಲ್ಲ ಮಗಾ. ಅದು ಕಾರ್ಖಾನೆ ಸುರುವಾದ ವರ್ಷ. ಎಲ್ಲ ಹೆಂಚಿಗೂ ಅದೇ ಒತ್ತುದು."

ಅಮ್ಮ ಲೆಕ್ಕ ಹಾಕಿದಳು. 1898ರ ಪ್ಲೇಗ್ ಆದಮೇಲೆ ಮಲ್ಲೇಶ್ವರ ಬಡಾವಣೆ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬೇರೆ ಸಂಸ್ಥೆಯ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ನಮ್ಮ ಹೆಂಚು ಈ ಎರಡರ ನಡುವಿನದಿರಬೇಕು. "ನಮ್ಮ ತಾತ ಗೃಹಪ್ರವೇಶ ಮಾಡಿದ ವರ್ಷ ಯಾರಿಗೂ ನೆನಪಿರಲಿಲ್ಲ. ಈಗ ಹತ್ತಿರ ಹತ್ತಿರ ಗೊತ್ತಾಯ್ತು" ಅಂದಳು. ನಾನು ಅಮ್ಮನನ್ನು ಅಷ್ಟು ಖುಷಿಯಾಗಿ ನೋಡಿ ಬಹಳ ದಿನ ಆಗಿತ್ತು.

ಇಳಿಯುವಾಗ ಆಟೋದವರು ಹಾಳೆ ವಾಪಸ್ ಕೊಡಲು ಬಂದರು, ಮಡಿಸಿದರು, ಮತ್ತೆ ಬಿಡಿಸಿ ನೋಡಿದರು. "ಇಟ್ಟುಕೊಳ್ಳಿ ಅಂಕಲ್" ಅಂದಳು ಮಗಳು. ಅವರು ಅದನ್ನು ಮುಂದಿನ ಗಾಜಿನ ಬಳಿ, ದೇವರ ಫೋಟೋ ಪಕ್ಕ ಸಿಕ್ಕಿಸಿದರು. ಮೀಟರಿನ ಮೇಲೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ನೀರುದೋಸೆ, ನಿದ್ದೆ. ಸಂಜೆ ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮ್. ರಾತ್ರಿ ಸೆಂಟ್ರಲ್‌ನಿಂದ ರೈಲು. ಘಾಟಿ ಹತ್ತುವಾಗ ಅಮ್ಮ ಮತ್ತು ಮಗಳು ಇಬ್ಬರೂ ನಿದ್ದೆಯಲ್ಲಿದ್ದರು.

ಭಾನುವಾರ

ಮನೆಗೆ ಬಂದು ನಾನು ಹಾಲು ಕಾಯಿಸುತ್ತಿದ್ದೆ. ಬಾಲ್ಕನಿಯಲ್ಲಿ ಏನೋ ಸದ್ದು. ಹೋಗಿ ನೋಡಿದರೆ ಅಮ್ಮ ತುಳಸಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಾಳೆ. ಮಗಳು ನೆಲದ ಮೇಲೆ ಕೂತು, ಹೆಂಚಿನ ಮೇಲೆ ಹೊಸ ಹಾಳೆ ಹಾಸಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜುತ್ತಿದ್ದಾಳೆ.